ತಪ್ಪು ತೋರಿಸುವವರ ಪಾಲು

ಸಾಫ್ಟ್‌ವೇರಿನಲ್ಲಿ ದೋಷವಿದ್ದರೆ ಹುಡುಕಿ ಸರಿಪಡಿಸುವುದು ಬರೆದವರ ಕೆಲಸ, ‘ಇದು ಕೆಲಸ ಮಾಡುತ್ತಿಲ್ಲ’ ಎಂದು ಹೇಳಿದಲ್ಲಿಗೆ ಬಳಸುವವರ ಹೊಣೆ ಮುಗಿಯಿತು ಎಂದು ನಂಬಿದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಇದನ್ನು ಸೋಮಾರಿಗಳ ಮಾತೆಂದು ತಳ್ಳಿಹಾಕುವ ಹಾಗಿಲ್ಲ. ದುಡ್ಡು ಕೊಟ್ಟು ಕೊಂಡ ವಸ್ತು ಕೆಟ್ಟರೆ, ಅದು ಹೇಗೆ ಕೆಟ್ಟಿತೆಂದು ಪ್ರಬಂಧ ಬರೆದುಕೊಡುವ ಕರ್ತವ್ಯ ಕೊಂಡವನಿಗೇಕೆ? ಪ್ರೋಗ್ರಾಮಿನ ಒಳಗುಟ್ಟು ಗೊತ್ತಿರುವುದು ಅವರಿಗೆ, ಸಂಬಳ ಬರುವುದೂ ಅವರಿಗೇ. ಶ್ರದ್ಧೆಯಿಂದ ಎರಡು ಪುಟ ಬರೆದು ಕಳಿಸಿ, ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು’ ಎಂಬ ಸಿದ್ಧ ಉತ್ತರ ಪಡೆದವರು ಮುಂದಿನ ಸಲ ಬರೆಯದಿದ್ದರೆ ಅದರಲ್ಲಿ ಆಶ್ಚರ್ಯವೂ ಇಲ್ಲ. ಈ ನಂಬಿಕೆಯನ್ನು ಎತ್ತಿ ಹಿಡಿದಿರುವುದು ಒಂದು ಹೋಲಿಕೆ: ಹೊಟ್ಟೆನೋವು ಎನ್ನುವುದಷ್ಟೇ ರೋಗಿಯ ಕೆಲಸ, ಅದು ಅಪೆಂಡಿಸೈಟಿಸೋ ಅಜೀರ್ಣವೋ ಎಂದು ಹೇಳಬೇಕಾದವರು ವೈದ್ಯರು. ಕೇಳಿದೊಡನೆ ತಲೆದೂಗಿಸುವ ಈ ಹೋಲಿಕೆಯಲ್ಲೇ ಗೊಂದಲದ ಬೇರಿದೆ.

ವೈದ್ಯರ ಮುಂದೆ ರೋಗಿಯ ದೇಹ ಇರುತ್ತದೆ. ಹೊಟ್ಟೆ ಒತ್ತಿ ನೋಡಬಹುದು, ರಕ್ತ ತೆಗೆಯಬಹುದು, ಸ್ಕ್ಯಾನ್ ಮಾಡಿಸಬಹುದು. ರೋಗಿ ಮಾತಾಡದಿದ್ದರೂ ದೇಹ ಉತ್ತರ ಕೊಡುತ್ತದೆ. ಡೆವಲಪರ್ ಮುಂದಿರುವುದು ಅವನದೇ ಕಂಪ್ಯೂಟರಿನಲ್ಲಿ ಯಾವ ತಕರಾರೂ ಇಲ್ಲದೆ ಓಡುತ್ತಿರುವ ಇನ್ನೊಂದು ಪ್ರತಿ. ಬಗ್ ಎಂದರೆ ಕೋಡಿನ ಯಾವುದೋ ಸಾಲಿನಲ್ಲಿ ಕೂತಿರುವ ತಪ್ಪು, ಕಣ್ಣಾಡಿಸಿದರೆ ಸಿಕ್ಕೀತು ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಸಾಲು ಅಲ್ಲಿರುವುದೇನೋ ನಿಜ. ಆದರೆ ಅದು ಅಡ್ಡದಾರಿ ಹಿಡಿಯುವುದು ಒಂದು ಗೊತ್ತಾದ ಸನ್ನಿವೇಶದಲ್ಲಿ: ಆಪರೇಟಿಂಗ್ ಸಿಸ್ಟಂನ ಈ ಆವೃತ್ತಿ, ಈ ಫಾಂಟು, ಈ ಕೀಬೋರ್ಡು, ಈ ಕಡತ, ಈ ಕ್ರಮದಲ್ಲಿ ಒತ್ತಿದ ಕೀಲಿಗಳು. ಇದರಲ್ಲಿ ಅರ್ಧದಷ್ಟು ಬಳಸುವವರ ಕೈಯಲ್ಲಿದೆ, ಬೇರೆಲ್ಲೂ ಇಲ್ಲ. ಎಲ್ಲ ಸನ್ನಿವೇಶದಲ್ಲೂ ತಪ್ಪುವ ಪ್ರೋಗ್ರಾಂ ಬಿಡುಗಡೆಗೆ ಮೊದಲೇ ಬರೆದವರ ಕೈಗೆ ಸಿಕ್ಕಿಬೀಳುತ್ತದೆ. ಅಲ್ಲಿಂದ ತಪ್ಪಿಸಿಕೊಂಡು ನಮ್ಮವರೆಗೆ ಬರುವ ದೋಷಗಳು ಬಹುಮಟ್ಟಿಗೆ ಬರೆದವರ ಸನ್ನಿವೇಶದಲ್ಲಿ ತಲೆ ಎತ್ತದಂಥವು. ಅವರಿಗೆ ಅವು ಕಾಣದಿರುವುದು ಅಸಡ್ಡೆಯಿಂದಲೇ ಎಂದು ತೀರ್ಮಾನಿಸುವ ಮೊದಲು, ಕಾಣದ್ದರಿಂದಲೇ ಅವು ಉಳಿದುಕೊಂಡಿವೆ ಎಂಬುದನ್ನು ನೆನೆಯಬೇಕು.

‘ಕನ್ನಡ ಸರಿಯಾಗಿ ಕಾಣುತ್ತಿಲ್ಲ’ ಎಂಬ ದೂರನ್ನೇ ತೆಗೆದುಕೊಳ್ಳೋಣ. ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಸಾಮಾನ್ಯವಾಗಿ ಆ ಯಂತ್ರಕ್ಕೆ ಕನ್ನಡ ಫಾಂಟು ಸಿಕ್ಕಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಅರ್ಥವಿಲ್ಲದ ರಾಶಿ ಕಂಡರೆ ಅದು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಮೂಡಿಸಿದ ಪಠ್ಯ ಇರಬೇಕು. ಯೂನಿಕೋಡ್ ಬಳಕೆಗೆ ಬರುವ ಮುನ್ನ ಆ ಫಾಂಟುಗಳು ಕನ್ನಡದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕೂರಿಸಿದ್ದವು. ಅಕ್ಷರಗಳೆಲ್ಲ ಇದ್ದೂ ಒತ್ತು ಕೆಳಗಿಳಿಯದೆ ಪ್ರತಿ ವ್ಯಂಜನವೂ ಬಿಡಿಬಿಡಿಯಾಗಿ ನಿಂತಿದ್ದರೆ ಅಕ್ಷರ ಜೋಡಿಸುವ ಎಂಜಿನ್ ಕೈಕೊಟ್ಟಿದೆ, ಇಲ್ಲವೇ ಆ ಆ್ಯಪ್ ಅದನ್ನು ಬಳಸುತ್ತಲೇ ಇಲ್ಲ. ತೆರೆಯ ಮೇಲೆ ಚೆನ್ನಾಗಿದ್ದು, ಪಿಡಿಎಫ್‌ನಿಂದ ನಕಲು ಮಾಡಿದಾಗ ಮಾತ್ರ ಕಾಗುಣಿತ ಕಲಸಿಹೋದರೆ ಪಿಡಿಎಫ್ ತಯಾರಿಸಿದ ಪ್ರೋಗ್ರಾಮನ್ನು ಸಂಶಯಿಸಬೇಕು. ದೋಷಗಳು ನಾಲ್ಕು, ಹೊಣೆಗಾರ ತಂಡಗಳೂ ನಾಲ್ಕು, ದೂರಿನ ವಾಕ್ಯ ಮಾತ್ರ ಒಂದೇ. ಆ ವಾಕ್ಯ ಸುಳ್ಳಲ್ಲ. ನಾಲ್ಕೂ ಕಡೆ ನಿಜವಾಗುವುದರಿಂದಲೇ ಅದು ಯಾವ ಕಡೆಗೂ ದಾರಿ ತೋರುವುದಿಲ್ಲ.

ಸ್ಕ್ರೀನ್‌ಶಾಟ್ ಕಳಿಸಿದರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಮೇಲಿನವುಗಳಲ್ಲಿ ಮೊದಲ ಮೂರನ್ನು ಬಿಡಿಸಲು ಚಿತ್ರ ನಿಜಕ್ಕೂ ನೆರವಾಗುತ್ತದೆ. ಆದರೆ ಚಿತ್ರ ಪೂರ್ತಿ ಕುರುಡಾಗುವ ಜಾಗವೂ ಉಂಟು. ‘ಕೋ’ ಎಂಬಲ್ಲಿನ ಸ್ವರಚಿಹ್ನೆಯನ್ನು ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿ ದಾಖಲಿಸಬಹುದು. ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ದಾಖಲಿಸಬಹುದು. ಎರಡೂ ಸಮಾನ ಎಂಬುದು ಯೂನಿಕೋಡಿನದೇ ನಿಯಮ, ತೆರೆಯ ಮೇಲೂ ಎರಡೂ ಒಂದೇ ರೀತಿ ಮೂಡಬೇಕು. ಹುಡುಕುವ ಪ್ರೋಗ್ರಾಂ ಈ ಸಮಾನತೆಯನ್ನು ಗಣಿಸದೆ ಹೋದರೆ ಕಣ್ಣೆದುರಿಗೇ ಇರುವ ‘ಕೋಲಾರ’ ಹುಡುಕಿದಾಗ ಸಿಗುವುದಿಲ್ಲ. ಇದರ ಸ್ಕ್ರೀನ್‌ಶಾಟಿನಲ್ಲಿ ಇರುವುದೇನು? ಹುಡುಕಾಟದ ಪೆಟ್ಟಿಗೆಯಲ್ಲಿ ಕೋಲಾರ, ಪುಟದಲ್ಲಿ ಕೋಲಾರ, ನಡುವೆ ‘ಸಿಗಲಿಲ್ಲ’ ಎಂಬ ಸಂದೇಶ. ಡೆವಲಪರ್ ತನ್ನ ಕೀಬೋರ್ಡಿನಲ್ಲಿ ಎರಡು ಸಲ ಕೋಲಾರ ಎಂದು ಒತ್ತಿ ನೋಡುತ್ತಾನೆ, ಎರಡೂ ಸಲ ಅದೇ ಸಂಕೇತ ಮೂಡುತ್ತದೆ, ಪದ ಸಿಕ್ಕಿಬಿಡುತ್ತದೆ. ಅವನಿಗೆ ಬೇಕಿದ್ದದ್ದು ಮೂಲ ಕಡತ, ಜೊತೆಗೆ ಅದನ್ನು ಯಾವ ಕೀಬೋರ್ಡಿನಲ್ಲಿ ಮೂಡಿಸಿದ್ದು ಎಂಬ ಒಂದು ಸಾಲು. ಚಿತ್ರ ತೋರಿಸುವುದು ಕಂಡದ್ದನ್ನು, ಒಳಗೆ ಇದ್ದದ್ದನ್ನಲ್ಲ.

2018ರ ಫೆಬ್ರವರಿಯಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. ನಮ್ಮ ‘ಜ್ಞಾ’ಕ್ಕೆ ಸಮನಾದ ತೆಲುಗು ಅಕ್ಷರ, ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತದೊಂದಿಗೆ ಬಂದರೆ ಐಫೋನಿನ ಆ್ಯಪ್‌ಗಳು ಕುಸಿದು ಬೀಳುತ್ತಿದ್ದವು. ಆ ಅಕ್ಷರವನ್ನು ಹಾಗೆಯೇ ನಕಲು ಮಾಡಿ ಅಂಟಿಸಬಹುದಿತ್ತಾದ್ದರಿಂದ ತೆಲುಗಿನ ಗಂಧಗಾಳಿ ಇಲ್ಲದವರೂ ದೋಷವನ್ನು ಮರುಕಳಿಸಿ ನೋಡಿದರು. ಅದೇ ತಿಂಗಳು ಐಓಎಸ್ 11.2.6ರಲ್ಲಿ ಆಪಲ್ ಅದನ್ನು ಸರಿಪಡಿಸಿತು. ‘ತೆಲುಗು ಸಂದೇಶ ಬಂದರೆ ಫೋನು ಹಾಳಾಗುತ್ತದೆ’ ಎಂಬಷ್ಟೇ ದೂರು ಹೋಗಿದ್ದರೆ, ಸಾವಿರಾರು ತೆಲುಗು ಸಂದೇಶ ಕಳಿಸಿ ನೋಡಿದರೂ ಏನೂ ಆಗುತ್ತಿರಲಿಲ್ಲ.

ಹಾಗಾದರೆ ಯಾವ ವಿವರ ಕೊಡಬೇಕು? ಮುಖ್ಯವಾದದ್ದನ್ನು ಕೊಡಿ ಎಂದುಬಿಡುವುದು ಸುಲಭ. ಮುಖ್ಯ ಯಾವುದೆಂದು ಮೊದಲೇ ಗೊತ್ತಿದ್ದರೆ ದೋಷ ಅರ್ಧ ಸಿಕ್ಕಂತೆಯೇ. ಕೆನಡಾದ ಸರ್ಕಾರಿ ಸ್ವಾಮ್ಯದ ಎಇಸಿಎಲ್ ಸಂಸ್ಥೆ ತಯಾರಿಸಿದ್ದ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಸುರಿಯಿತು. ಕೆಲವರು ಅದರಿಂದಲೇ ಸತ್ತರು. 1986ರ ಮಾರ್ಚಿನಲ್ಲಿ ಅಮೆರಿಕದ ಟೆಕ್ಸಾಸಿನ ಟೈಲರ್ ಊರಿನ ಆಸ್ಪತ್ರೆಯಲ್ಲಿ ಅವಘಡವಾದಾಗ ತೆರೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂಬ ಸಂದೇಶ ಬಂದಿತ್ತು. ಕಂಪನಿಯ ಎಂಜಿನಿಯರುಗಳು ಬಂದು ಪರೀಕ್ಷೆ ನಡೆಸಿದರು, ಆ ಸಂದೇಶ ಮತ್ತೆ ಬರಲಿಲ್ಲ, ಯಂತ್ರ ಮರಳಿ ಕೆಲಸಕ್ಕಿಳಿಯಿತು. ಏಪ್ರಿಲಿನಲ್ಲಿ ಅದೇ ಆಸ್ಪತ್ರೆಯಲ್ಲಿ, ಅದೇ ಆಪರೇಟರ್ ಕೈಯಲ್ಲಿ, ಅದೇ ಸಂದೇಶದೊಡನೆ ಎರಡನೆಯ ಅವಘಡ. ಈ ಸಲ ಆಸ್ಪತ್ರೆಯ ಭೌತವಿಜ್ಞಾನಿ ಮತ್ತು ಆ ಆಪರೇಟರ್ ಯಂತ್ರದ ಮುಂದೆ ಕೂತು, ಆಕೆ ಅಂದು ಮಾಡಿದ್ದನ್ನು ನೆನೆನೆನೆದು ಮಾಡುತ್ತ ಹೋದರು. ಎಲೆಕ್ಟ್ರಾನ್ ಚಿಕಿತ್ಸೆಯ ‘ಇ’ಗೆ ಬದಲು ಎಕ್ಸ್-ರೇಯ ‘ಎಕ್ಸ್’ ಒತ್ತಿಬಿಟ್ಟು, ಕರ್ಸರನ್ನು ಮೇಲೊಯ್ದು ತಿದ್ದಿ, ಉಳಿದ ಸಾಲುಗಳನ್ನು ಸರಸರನೆ ದಾಟಿ ಕೆಳಗೆ ಬರುವುದು. ಯಂತ್ರದ ಆಯಸ್ಕಾಂತಗಳು ಸಜ್ಜಾಗಲು ಸುಮಾರು 8 ಸೆಕೆಂಡು ಹಿಡಿಯುತ್ತಿತ್ತು. ಆ ಅವಧಿಯೊಳಗೆ ತಿದ್ದಿ ಮುಗಿಸಿದರೆ ತಿದ್ದಿದ್ದು ಪ್ರೋಗ್ರಾಮಿನ ಒಂದು ಭಾಗದ ಗಮನಕ್ಕೇ ಬರುತ್ತಿರಲಿಲ್ಲ. ಅಂದರೆ ದೋಷ ಮರುಕಳಿಸಲು ಬೇಕಾದ ವಿವರ ಬೆರಳಿನ ವೇಗ. ದಿನವೂ ಅದೇ ನಮೂನೆ ತುಂಬಿ ಪಳಗಿದ ಆಪರೇಟರಿಗೆ ಆ ವೇಗ ಇತ್ತು. ಎಚ್ಚರಿಕೆಯಿಂದ ಒಂದೊಂದೇ ಕೀಲಿ ಒತ್ತುವ ಎಂಜಿನಿಯರಿಗೆ ಆ ಎಚ್ಚರಿಕೆಯೇ ಅಡ್ಡವಾಯಿತು. ಬೇಗ ಒತ್ತಿ ಎಂದು ಆಸ್ಪತ್ರೆಯಿಂದ ತಿಳಿಸಿದ ಮೇಲೆಯೇ ಕಂಪನಿಯಲ್ಲಿ ದೋಷ ಮರುಕಳಿಸಿತು.

ಇದಕ್ಕೊಂದು ಬಾಲಂಗೋಚಿಯಿದೆ. ಆ ಯಂತ್ರದ ಹಿಂದಿನ ಮಾದರಿ ಥೆರಾಕ್-20ರ ಪ್ರೋಗ್ರಾಮಿನಲ್ಲೂ ಇದೇ ದೋಷವಿತ್ತು. ಅಲ್ಲಿ ಪ್ರತ್ಯೇಕ ಹಾರ್ಡ್‌ವೇರ್ ತಡೆಗಳಿದ್ದುದರಿಂದ ಫ್ಯೂಸ್ ಹೋಗುತ್ತಿತ್ತೇ ಹೊರತು ಯಾರಿಗೂ ಅಪಾಯ ಆಗಲಿಲ್ಲ. ಹೋದ ಫ್ಯೂಸನ್ನು ಬದಲಿಸಿ ಕೆಲಸ ಮುಂದುವರಿಸುವುದು ಸಹಜ, ನಾವೆಲ್ಲರೂ ಹಾಗೆಯೇ ಮಾಡುತ್ತೇವೆ. ಆದರೆ ಏನು ಮಾಡುತ್ತಿದ್ದಾಗ ಫ್ಯೂಸ್ ಹೋಯಿತೆಂದು ಯಾರಾದರೂ ಬರೆದಿಟ್ಟು ಕಳಿಸಿದ್ದರೆ, ಆ ಪ್ರೋಗ್ರಾಮಿನ ತುಣುಕುಗಳನ್ನು ಥೆರಾಕ್-25ಕ್ಕೆ ಒಯ್ಯುವ ಮೊದಲು ಒಂದು ಅವಕಾಶವಾದರೂ ಇರುತ್ತಿತ್ತು.

ವಿವರ ಕೊಡಿ ಎಂದರೆ ಕಾರಣ ಹೇಳಿ ಎಂದು ತಿಳಿಯುವುದು ಇನ್ನೊಂದು ಗೊಂದಲ. ಕೌಂಟರಿನ ಮುಂದೆ ಸಾಲುಗಟ್ಟಿ ನಿಂತವರೆಲ್ಲರಿಗೂ ‘ಸರ್ವರ್ ಡೌನ್’ ಎಂಬ ಉತ್ತರದ ಪರಿಚಯವಿದೆ. ಅದು ವಿವರದಂತೆ ಕೇಳಿಸುತ್ತದೆ, ನಿಜದಲ್ಲಿ ಅದೊಂದು ತೀರ್ಪು. ಕಂಡದ್ದು ಬಹುಶಃ ಇಷ್ಟೇ: ಬೆರಳಚ್ಚು ಒತ್ತಿದ ಮೇಲೆ ತೆರೆಯಲ್ಲಿ ಚಕ್ರ ಸುತ್ತುತ್ತ ಉಳಿಯಿತು. ಸರ್ವರೇ ಕೆಟ್ಟಿರಬಹುದು, ಜಾಲ ನಿಧಾನವಿರಬಹುದು, ಬೆರಳಚ್ಚಿನ ಸಾಧನದ ತಂತಿ ಸಡಿಲವಿರಬಹುದು. ಚಕ್ರ ಸುತ್ತಿದ್ದನ್ನು ಬಿಟ್ಟು ಸರ್ವರ್ ಹೋಯಿತೆಂದು ಬರೆದರೆ, ಸರ್ವರ್ ನೋಡಿಕೊಳ್ಳುವವರು ತಮ್ಮದು ಸರಿಯಾಗಿಯೇ ಇದೆ ಎಂದು ನೋಡಿ ದೂರನ್ನು ಮುಗಿಸುತ್ತಾರೆ. ಅವರ ಮಟ್ಟಿಗೆ ಅದು ಪ್ರಾಮಾಣಿಕ ಉತ್ತರವೇ. ತಂತ್ರಜ್ಞಾನ ತಕ್ಕಮಟ್ಟಿಗೆ ಬಲ್ಲವರೇ ಈ ತಪ್ಪನ್ನು ಹೆಚ್ಚಾಗಿ ಮಾಡುತ್ತಾರೆ. ಏನೂ ಬಾರದವರು ಕಂಡದ್ದನ್ನು ಹೇಳುತ್ತಾರೆ, ಅಷ್ಟಿಷ್ಟು ಬಲ್ಲವರು ಊಹಿಸಿದ್ದನ್ನು ಹೇಳುತ್ತಾರೆ. ಹಾಗಾಗಿ ‘ನಾನು ತಂತ್ರಜ್ಞನಲ್ಲ’ ಎಂಬ ನೆಪ ಇಲ್ಲಿ ನಿಲ್ಲದು. ಕೇಳುತ್ತಿರುವುದು ಇಷ್ಟನ್ನು:

1. ಎಲ್ಲಿಂದ ಶುರುಮಾಡಿ, ಯಾವ ಯಂತ್ರದಲ್ಲಿ, ಯಾವ ಆವೃತ್ತಿಯಲ್ಲಿ, ಯಾವ ಕ್ರಮದಲ್ಲಿ ಏನೇನು ಮಾಡಿದಿರಿ.

2. ಏನಾಯಿತು. ತೆರೆಯ ಮೇಲಿನ ಸಂದೇಶ ಅಕ್ಷರಶಃ ಬೇಕು. ‘ಏನೋ ಎರರ್ ಬಂತು’ ಎಂಬಲ್ಲಿನ ‘ಏನೋ’ದಲ್ಲಿ ಕಳೆದುಹೋಗಿರುವುದೇ ಬೇಕಾದದ್ದು.

3. ಏನಾಗಬೇಕಿತ್ತು ಎಂದು ನೀವು ಭಾವಿಸಿದ್ದಿರಿ.

4. ಮತ್ತೆ ಮಾಡಿದರೆ ಮತ್ತೆ ಆಗುತ್ತದೆಯೇ, ಎಷ್ಟು ಸಲಕ್ಕೆ ಎಷ್ಟು ಸಲ.

ಇದರಲ್ಲಿ ಮೂರನೆಯದನ್ನು ಬಹುತೇಕ ಎಲ್ಲರೂ ಬಿಟ್ಟುಬಿಡುತ್ತಾರೆ, ಅದು ಹೇಳದೆಯೇ ತಿಳಿಯುವಂಥದ್ದೆಂದು. ಆದರೆ ಒಂದು ದೊಡ್ಡ ಆಕ್ಷೇಪಕ್ಕೆ ಉತ್ತರ ಇರುವುದು ಅಲ್ಲಿಯೇ. ಈಗಿನ ಪ್ರೋಗ್ರಾಮುಗಳು ಕುಸಿದಾಗ ತಾವೇ ತಮ್ಮ ಒಳಸ್ಥಿತಿಯ ವರದಿ ಕಳಿಸುತ್ತವೆ, ವಿಂಡೋಸ್‌ನಲ್ಲಿ ಈ ಏರ್ಪಾಟು ಎಷ್ಟೋ ವರ್ಷಗಳಿಂದ ಇದೆ, ಹೀಗಿರುವಾಗ ಮನುಷ್ಯ ಕೂತು ಬರೆಯುವ ಅಗತ್ಯವೇನು ಎಂಬುದು ಆಕ್ಷೇಪ. ಕುಸಿತಗಳ ಮಟ್ಟಿಗೆ ಇದು ಒಪ್ಪತಕ್ಕ ಮಾತು. ಯಾವ ಫಂಕ್ಷನ್ ಯಾವುದನ್ನು ಕರೆದಾಗ ಎಡವಿತು ಎಂಬ ಸರಪಣಿಯನ್ನು ಯಂತ್ರ ಕೊಟ್ಟಷ್ಟು ಚೊಕ್ಕವಾಗಿ ಯಾವ ಬಳಕೆದಾರನೂ ಕೊಡಲಾರ. 2008ರಲ್ಲಿ ಅಪಾಚೆ, ಎಕ್ಲಿಪ್ಸ್, ಮೊಜಿಲ್ಲಾ ಯೋಜನೆಗಳ ಡೆವಲಪರ್‌ಗಳನ್ನೂ ದೋಷ ವರದಿ ಮಾಡುವವರನ್ನೂ ಕೇಳಿ ನಡೆಸಿದ ಒಂದು ಅಧ್ಯಯನದಲ್ಲೂ ಡೆವಲಪರ್‌ಗಳು ಅತ್ಯಂತ ಉಪಯುಕ್ತವೆಂದು ಎಣಿಸಿದ್ದು ಮರುಕಳಿಸುವ ಕ್ರಮವನ್ನು ಮತ್ತು ಈ ಸರಪಣಿಯನ್ನು. ಬಳಕೆದಾರರಿಗೆ ಕೊಡಲು ಕಷ್ಟವಾದವುಗಳ ಸಾಲಿನಲ್ಲೂ ಅವೇ ಇದ್ದವು. ಸರಪಣಿಯ ಕಷ್ಟವನ್ನು ಯಂತ್ರ ಹೊತ್ತುಕೊಳ್ಳಲಿ. ಆದರೆ ಕುಸಿಯದೆ ತಪ್ಪುವ ಪ್ರೋಗ್ರಾಂ? ಬಿಲ್ಲಿನ ಮೊತ್ತ ತಪ್ಪಾಗಿ ಬಂದರೆ, ಒತ್ತಕ್ಷರ ಬೇರೆಡೆ ಕೂತರೆ, ಕೋಲಾರ ಸಿಗದಿದ್ದರೆ ಯಂತ್ರದ ದೃಷ್ಟಿಯಲ್ಲಿ ಎಲ್ಲವೂ ಸುಸೂತ್ರ. ಆಗಿದ್ದಕ್ಕೂ ಆಗಬೇಕಿದ್ದಕ್ಕೂ ನಡುವಿನ ಅಂತರವೇ ದೋಷ. ಆಗಬೇಕಿದ್ದದ್ದು ಏನೆಂದು ಗೊತ್ತಿಲ್ಲದ ಯಂತ್ರ ಆ ಅಂತರವನ್ನು ಅಳೆಯುವುದು ಹೇಗೆ?

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ‘ವಿವರ ಸಾಲದು’ ಎಂಬ ಮಾತು ಬಲಾಢ್ಯರ ಕೈಯಲ್ಲಿ ಬಾಗಿಲು ಮುಚ್ಚುವ ಅಗುಳಿಯಾಗುತ್ತದೆ. ಬ್ರಿಟನ್ನಿನ ಪೋಸ್ಟ್ ಆಫೀಸ್ ಸಂಸ್ಥೆ 1999ರಿಂದ ತನ್ನ ಶಾಖೆಗಳಲ್ಲಿ ಫುಜಿತ್ಸು ನಡೆಸುತ್ತಿದ್ದ ಹೊರೈಜನ್ ಎಂಬ ಲೆಕ್ಕದ ವ್ಯವಸ್ಥೆಯನ್ನು ಅಳವಡಿಸಿತು. ಲೆಕ್ಕದಲ್ಲಿ ಕಾರಣವಿಲ್ಲದೆ ಕೊರತೆ ಕಾಣಿಸಿ, ಶಾಖೆ ನಡೆಸುವವರು ಸಹಾಯವಾಣಿಗೆ ಕರೆ ಮಾಡಿದರೆ ಎಷ್ಟೋ ಮಂದಿಗೆ ಸಿಕ್ಕ ಉತ್ತರ, ಬೇರೆ ಯಾರಿಗೂ ಹೀಗಾಗಿಲ್ಲ ಎಂದು. ನೂರಾರು ಜನ ಕಳ್ಳತನದ, ಸುಳ್ಳು ಲೆಕ್ಕದ ಅಪರಾಧಿಗಳಾದರು, ಕೆಲವರು ಜೈಲು ಸೇರಿದರು. ವ್ಯವಸ್ಥೆಯಲ್ಲಿ ದೋಷಗಳಿದ್ದವೆಂದು ಹೈಕೋರ್ಟ್ ಹೇಳಿದ್ದು 2019ರ ಡಿಸೆಂಬರಿನಲ್ಲಿ. 2024ರಲ್ಲಿ ಶಿಕ್ಷೆಗಳನ್ನು ರದ್ದುಮಾಡಲು ಪಾರ್ಲಿಮೆಂಟು ಕಾನೂನನ್ನೇ ಮಾಡಬೇಕಾಯಿತು. ಆ ಶಾಖೆಗಳವರಿಗೆ ಇನ್ನಷ್ಟು ವಿವರ ಕೊಡಿ ಎನ್ನುವುದು ಕ್ರೌರ್ಯ. ವಿವರ ಇದ್ದದ್ದು ಅವರಿಗೆ ಪ್ರವೇಶವಿಲ್ಲದ ದಾಖಲೆಗಳಲ್ಲಿ.

ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಒಪ್ಪಿದರೆ ನನ್ನ ವಾದ ಕುಸಿಯುವುದಿಲ್ಲ, ಅದರ ಎಲ್ಲೆ ಸ್ಪಷ್ಟವಾಗುತ್ತದೆ. ಯಾರು ಪರಿಣತರು, ಯಾರು ದುಡ್ಡು ಕೊಟ್ಟವರು ಎಂಬುದರಿಂದ ಈ ಹೊಣೆಯನ್ನು ಹಂಚಲಾಗದು. ಸಾಕ್ಷ್ಯ ಯಾರ ಕಣ್ಣಿಗೆ ಬೀಳುತ್ತದೋ ಅದನ್ನು ಹೇಳುವ ಹೊಣೆ ಅವರದು. ನನ್ನ ಕೀಬೋರ್ಡು, ನಾನು ಒತ್ತಿದ ಕ್ರಮ, ನಾನು ನಿರೀಕ್ಷಿಸಿದ್ದು ನನಗೆ ಮಾತ್ರ ಗೊತ್ತು, ಅಷ್ಟನ್ನು ನಾನು ಕೊಡಬೇಕು. ಸರ್ವರಿನ ದಾಖಲೆ, ಇದೇ ದೂರು ಬೇರೆಯವರಿಂದಲೂ ಬಂದಿದೆಯೇ ಎಂಬ ಮಾಹಿತಿ ಅವರಿಗೆ ಮಾತ್ರ ಗೊತ್ತು, ಅಷ್ಟನ್ನು ಅವರು ಕೊಡಬೇಕು. ದುಡ್ಡು ಕೊಟ್ಟ ಗ್ರಾಹಕನ ಬಿಟ್ಟಿ ದುಡಿಮೆ ಇದು ಎಂಬ ಮೊದಲ ತಕರಾರಿಗೂ ಇದೇ ಉತ್ತರ. ದುಡ್ಡು ಕೊಟ್ಟ ಮಾತ್ರಕ್ಕೆ ನನ್ನ ಮೇಜಿನ ಮೇಲೆ ನಡೆದದ್ದು ಅವರಿಗೆ ಕಾಣುವುದಿಲ್ಲ. ಅವರು ದುಡ್ಡಿಗೆ ತಕ್ಕ ಕೆಲಸ ಮಾಡುತ್ತಿಲ್ಲವೆಂಬುದು ಬೇರೆ ಜಗಳ, ಅದನ್ನು ಬೇರೆಯಾಗಿಯೇ ಆಡಬೇಕು.

ಈ ಅಳತೆಗೋಲನ್ನು ಇನ್ನೊಂದು ಬದಿಗೂ ಹಿಡಿಯಬೇಕು. 1998ರಲ್ಲಿ ಮುಕ್ತವಾಗಿ ಬಿಡುಗಡೆಯಾದ, ಮೊಜಿಲ್ಲಾದ ಬಗ್‌ಜಿಲ್ಲಾ ಎಂಬ ದೋಷ ದಾಖಲಿಸುವ ವ್ಯವಸ್ಥೆಯಲ್ಲಿ ದೂರನ್ನು ಮುಗಿಸಲು ‘ವರ್ಕ್ಸ್ ಫಾರ್ ಮಿ’ ಎಂಬ ಒಂದು ಷರಾ ಇದೆ. ನನ್ನಲ್ಲಿ ಸರಿಯಾಗಿದೆ ಎಂಬುದೂ ಒಂದು ವರದಿಯೇ. ಬಳಕೆದಾರನಿಂದ ಕೇಳುವ ವಿವರವನ್ನು ಅದರಿಂದಲೂ ಕೇಳಬೇಕು: ಯಾವ ಆವೃತ್ತಿ, ಯಾವ ಯಂತ್ರ, ಯಾವ ಕಡತ, ಎಷ್ಟು ಸಲ. ಈ ವಿವರವಿಲ್ಲದ ‘ನನ್ನಲ್ಲಿ ಸರಿಯಾಗಿದೆ’ಗೂ ವಿವರವಿಲ್ಲ‍ದ ‘ಕೆಲಸ ಮಾಡುತ್ತಿಲ್ಲ’ಕ್ಕೂ ತೂಕದಲ್ಲಿ ವ್ಯತ್ಯಾಸವಿಲ್ಲ. ಮರುಕಳಿಸಲು ಆಗಲಿಲ್ಲ ಎಂಬುದರಿಂದ ದೋಷವಿಲ್ಲ ಎಂಬಲ್ಲಿಗೆ ಜಿಗಿಯುವುದಂತೂ ಟೈಲರ್‌ನಲ್ಲಿ ಮಾಡಿದ ತಪ್ಪೇ.

ಎಷ್ಟು ವಿವರ ಕೊಟ್ಟರೂ ಮರುಕಳಿಸದ ದೋಷಗಳಿವೆ ಎಂಬುದೂ ನಿಜ. ಟ್ಯಾಂಡಮ್ ಕಂಪನಿಯಲ್ಲಿದ್ದ ಜಿಮ್ ಗ್ರೇ 1985ರಲ್ಲೇ ದೋಷಗಳನ್ನು ಎರಡು ಬಗೆಯಾಗಿ ವಿಂಗಡಿಸಿದ್ದರು. ಒಂದು ಬಗೆ, ಅದೇ ಸ್ಥಿತಿಯಲ್ಲಿ ಪ್ರತಿ ಸಲವೂ ತಪ್ಪುವಂಥವು. ಇನ್ನೊಂದು, ಮತ್ತೆ ಮಾಡಿದರೆ ಮಾಯವಾಗುವಂಥವು. ಎರಡನೆಯದಕ್ಕೆ ಹೈಸನ್‌ಬಗ್ ಎಂದು ಹೆಸರು. 1997ರ ಜುಲೈನಲ್ಲಿ ಮಂಗಳನ ಮೇಲಿಳಿದ ನಾಸಾದ ಪಾಥ್‌ಫೈಂಡರ್ ನೌಕೆಯ ಕಂಪ್ಯೂಟರ್ ಅಲ್ಲಿ ತಾನಾಗಿಯೇ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಭೂಮಿಯ ಮೇಲಿನ ಪರೀಕ್ಷೆಯಲ್ಲೂ ಅದು ಕಾಣಿಸಿಕೊಂಡಿತ್ತು, ಹಿಡಿಯಹೋದಾಗ ಮರುಕಳಿಸಲಿಲ್ಲವೆಂದು ಬಿಟ್ಟಿದ್ದರು. ಕೊನೆಗೆ ಪ್ರಯೋಗಾಲಯದ ಪ್ರತಿರೂಪದಲ್ಲಿ ಅದು ಮರುಕಳಿಸುವವರೆಗೆ ಓಡಿಸಿ, ಕೆಲಸಗಳ ಆದ್ಯತೆ ತಲೆಕೆಳಗಾಗುತ್ತಿತ್ತೆಂದು ಕಂಡುಹಿಡಿದು, ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು. ಇದು ಸಾಧ್ಯವಾದದ್ದು ಒಳಗಿನ ಘಟನೆಗಳ ಕ್ರಮ ಬರೆದಿಡುವ ಸೌಲಭ್ಯವನ್ನು ಪ್ರೋಗ್ರಾಮಿನಿಂದ ಕಿತ್ತುಹಾಕದೆ ಉಳಿಸಿಕೊಂಡಿದ್ದರಿಂದ. ಹಾಗಾಗಿ ಒಂದೇ ಸಲ ಕಂಡ ದೋಷವನ್ನೂ ‘ಒಂದೇ ಸಲ ಕಂಡದ್ದು’ ಎಂದು ಹೇಳಿಯೇ ವರದಿ ಮಾಡಬೇಕು. ಹಾಗೆ ಹೇಳುವುದರಿಂದ ವರದಿ ದುರ್ಬಲವಾಗುವುದಿಲ್ಲ, ಎಲ್ಲಿ ಹುಡುಕಬೇಕೆಂಬ ಸುಳಿವು ಅದರಲ್ಲೇ ಇರುತ್ತದೆ.

ಖಾಸಗಿತನದ ಆತಂಕವೂ ಇದೆ. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇರುವ ಕಡತವನ್ನು ಯಾರಿಗೋ ಕಳಿಸಿ ಎನ್ನಲಾಗದು. ಆ ಜಾಗದಲ್ಲಿ ಹುಸಿ ವಿವರ ತುಂಬಿ ಮೊದಲು ನೀವೇ ಓಡಿಸಿ ನೋಡಬೇಕು. ತಪ್ಪು ಹಾಗೆಯೇ ಬಂದರೆ ಅದನ್ನು ಕಳಿಸಬಹುದು. ಬರದಿದ್ದರೆ ದೋಷ ನಿಮ್ಮ ವಿವರದ ಆಕಾರದಲ್ಲೇ ಅಡಗಿದೆ: ಚುಕ್ಕಿಯಿರುವ ಇನಿಷಿಯಲ್‌ನಲ್ಲೋ, ಎರಡನೆಯ ಹೆಸರೇ ಇಲ್ಲದಿರುವುದರಲ್ಲೋ. ಆಗ ಹೆಸರು ಹೇಳದೆ ಆ ಆಕಾರವನ್ನಷ್ಟೇ ಹೇಳಿದರೂ ಆದೀತು.

ಕನ್ನಡದ ಮಟ್ಟಿಗೆ ಇದೆಲ್ಲಕ್ಕೂ ಇನ್ನೊಂದು ತೊಡಕು ಸೇರುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆಆಫೀಸ್‌ಗಳಲ್ಲಿ ಕನ್ನಡದ ಅಕ್ಷರ ಜೋಡಿಸುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಇಂಥವುಗಳ ಮೇಲೆ ಕೆಲಸ ಮಾಡುವವರು ಹಲವು ದೇಶಗಳವರು, ಅವರಲ್ಲಿ ಕನ್ನಡ ಓದಬಲ್ಲವರು ಸಿಗುವುದು ಅಪರೂಪ. ‘ಏನಾಗಬೇಕಿತ್ತು’ ಎಂಬ ಮೂರನೆಯ ಅಂಶ ಅವರಿಗೆ ಹೇಳದೆ ತಿಳಿಯುವಂಥದ್ದಲ್ಲ. ನಮ್ಮ ಕಣ್ಣಿಗೆ ಚುಚ್ಚುವ ಒಡೆದ ಒತ್ತಕ್ಷರ ಅವರಿಗೆ ಇನ್ನೊಂದು ಆಕೃತಿ ಅಷ್ಟೇ. ‘ಸಾಫ್ಟ್‌ವೇರ್’ ಎಂಬ ಪದವನ್ನೇ ನೋಡಿ. ‘ಟ್’ ಮತ್ತು ‘ವೇ’ ನಡುವೆ, ಇವೆರಡನ್ನೂ ಕೂಡಿಸಬೇಡ ಎಂದು ಹೇಳುವ, ಕಣ್ಣಿಗೆ ಕಾಣದ ಒಂದು ಸಂಕೇತ ಕೂತಿದೆ. ಇಂಥ ಅದೃಶ್ಯ ಸಂಕೇತಗಳನ್ನು ಕಸವೆಂದು ಬಗೆದು ಗುಡಿಸಿಹಾಕುವ ಪ್ರೋಗ್ರಾಮುಗಳಿವೆ. ಗುಡಿಸಿದ ಮೇಲೆ ಉಳಿಯುವುದು ‘ಸಾಫ್ಟ್ವೇರ್’. ‘ಪದ ಕೆಟ್ಟು ಕಾಣುತ್ತಿದೆ’ ಎಂದಷ್ಟೇ ಬರೆದರೆ, ಕನ್ನಡ ಬಾರದ ಡೆವಲಪರ್ ಅದು ಫಾಂಟಿನ ತಪ್ಪೆಂದು ಇನ್ನೊಂದು ಫಾಂಟು ಹಾಕಿಕೊಟ್ಟಾನು. ಒತ್ತು ಬರಲೇಬಾರದೆಂದು ತಪ್ಪು ತಿಳಿದು, ಬರಬೇಕಾದ ಕಡೆಗಳಲ್ಲೂ ಅದನ್ನು ತಡೆದಾನು. ನಮೂನೆಯಲ್ಲಿ ತುಂಬಿದ ಪಠ್ಯ, ಉಳಿಸಿದ ಮೇಲೆ ಹಿಂದಿರುಗಿ ಬಂದ ಪಠ್ಯ, ಎರಡರ ಚಿತ್ರಗಳು, ಇವುಗಳಲ್ಲಿ ಸರಿ ಯಾವುದು ಎಂಬ ಒಂದು ಸಾಲು, ಇಷ್ಟು ಒಟ್ಟಿಗೆ ಹೋದರೆ ಆತ ಕನ್ನಡ ಕಲಿಯದೆಯೇ ಎರಡು ಪಠ್ಯಗಳ ಸಂಕೇತಗಳನ್ನು ಹೋಲಿಸಿ, ಎಲ್ಲಿ ಒಂದು ಕಾಣೆಯಾಗಿದೆ ಎಂದು ಹೇಳಬಲ್ಲ.